ಹೆರಿಗೆ ನೋವು ಶುರುವಾದಾಗ ಉಸಿರಾಟ: ಮನೆಯಿಂದ ಆಸ್ಪತ್ರೆಯವರೆಗೆ ಜೊತೆಗಿರುವ ಅಭ್ಯಾಸ

ಮೊದಲ ನೋವು ಬಂದ ಕೂಡಲೇ ಇನ್ನೇನು ಮಗು ಹುಟ್ಟಿಬಿಡುತ್ತದೆ ಅಂತ ಗಾಬರಿಯಾಗುವವರೇ ಜಾಸ್ತಿ. ಚೊಚ್ಚಲ ಹೆರಿಗೆಯಲ್ಲಂತೂ ಹಾಗಾಗುವುದು ತೀರಾ ಅಪರೂಪ. ಗರ್ಭಕೋಶದ ಬಾಯಿ ಮೊದಲು ಮೆತ್ತಗಾಗಬೇಕು, ತೆಳ್ಳಗಾಗಬೇಕು, ಆಮೇಲೆ ನಿಧಾನಕ್ಕೆ ತೆರೆಯಬೇಕು. ಸುಮಾರು 5 ಸೆಂಟಿಮೀಟರ್ ತೆರೆಯುವವರೆಗಿನ ಕಾಲ ಹೆರಿಗೆಯ ಶುರುವಿನ ಹಂತ. ಇದು ಇಷ್ಟೇ ಹೊತ್ತು ಅಂತ ಲೆಕ್ಕ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೂ ಹೇಳುತ್ತದೆ. ಕೆಲವರಿಗೆ ನಾಲ್ಕಾರು ಗಂಟೆ. ಕೆಲವರಿಗೆ ರಾತ್ರಿ ಶುರುವಾದದ್ದು ಮರುದಿನ ಸಂಜೆಯಾದರೂ ಮುಗಿದಿರುವುದಿಲ್ಲ.

ಈ ಹೊತ್ತಿನಲ್ಲೇ ಹೆಂಗಸರು ಸುಸ್ತಾಗಿಬಿಡುವುದನ್ನು ದಾವಣಗೆರೆಯ ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡುವಾಗ ತುಂಬಾ ನೋಡಿದ್ದೇನೆ. ನಿದ್ದೆ ಇಲ್ಲ, ಊಟ ಇಲ್ಲ, ಪ್ರತಿ ನೋವಿಗೂ ಉಸಿರು ಬಿಗಿಹಿಡಿದು ಹಲ್ಲು ಕಚ್ಚಿರುತ್ತಾರೆ. ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಮೈಯಲ್ಲಿ ಕಸುವೇ ಇರುವುದಿಲ್ಲ. ಆ ಕಸುವನ್ನು ಉಳಿಸಿಕೊಳ್ಳುವುದಕ್ಕೆ ಉಸಿರಾಟ ಬೇಕು. ಉಸಿರಾಟದಿಂದ ನೋವು ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೋವು ಇದ್ದೇ ಇರುತ್ತದೆ. ಅದರ ಜೊತೆ ಸೇರಿಕೊಳ್ಳುವ ಭಯವನ್ನು, ಬಿಗಿತವನ್ನು ಕಡಿಮೆ ಮಾಡಬಹುದು.

ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಉಸಿರನ್ನು ಹೊರಗೆ ಬಿಡುವುದೇ ಮುಖ್ಯ. ಎಲ್ಲರೂ "ಜೋರಾಗಿ ಉಸಿರು ಎಳ್ಕೊ" ಅನ್ನುತ್ತಾರೆ. ಎಳೆದುಕೊಳ್ಳುವುದು ಅದರ ಪಾಡಿಗೆ ಆಗುತ್ತದೆ. ನಿಧಾನಕ್ಕೆ, ಪೂರ್ತಿ ಹೊರಗೆ ಬಿಡುವುದನ್ನು ಮಾತ್ರ ಕಲಿಯಬೇಕು.

ಯಾಕೆ ಹೀಗೆ?

ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಡವಡವ ಅನ್ನುತ್ತದೆ, ಭುಜ ಕಿವಿಯ ಹತ್ತಿರ ಬರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಗರ್ಭಕೋಶ ಹಿಂಡುವ ಹಾಗೆ ಮಾಡುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನು. ಅಡ್ರಿನಲಿನ್ ಜಾಸ್ತಿಯಾದರೆ ಅದರ ಕೆಲಸಕ್ಕೆ ಅಡ್ಡಿಯಾಗಬಹುದು. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆ ಬಾಗಿಲು ದಾಟಿದ ಕೂಡಲೇ ನಿಂತುಹೋಗುವುದನ್ನು ಕೇಳಿರುತ್ತೀರಿ ಅಲ್ವಾ? ಹೊಸ ಜಾಗ, ಹೊಸ ಜನ, ಅದರಿಂದ ಬಂದ ಗಾಬರಿ ಇದಕ್ಕೆ ಒಂದು ಕಾರಣ ಇರಬಹುದು.

ಉಸಿರು ಒಳಗೆ ಹೋಗುವಾಗ ಎದೆಬಡಿತ ಚೂರು ಜೋರಾಗುತ್ತದೆ, ಹೊರಗೆ ಬರುವಾಗ ಚೂರು ನಿಧಾನವಾಗುತ್ತದೆ. ಹೊರಗೆ ಬಿಡುವ ಹೊತ್ತನ್ನು ಉದ್ದ ಮಾಡಿದರೆ ಮೈಯನ್ನು ಸಮಾಧಾನಪಡಿಸುವ ನರಗಳಿಗೆ ಬಲ ಬರುತ್ತದೆ. ಗಾಬರಿಯಾಗಬೇಡ ಅಂತ ಮನಸ್ಸಿಗೆ ನೂರು ಸಲ ಹೇಳಿದರೂ ಅದು ಕೇಳುವುದಿಲ್ಲ. ಉಸಿರನ್ನು ಮಾತ್ರ ನಾವೇ ನಿಧಾನ ಮಾಡಬಹುದು, ಮೈ ಅದರ ಹಿಂದೆ ಬರುತ್ತದೆ.

ಹೆರಿಗೆಗೆ ಅಂತಲೇ ಉಸಿರಾಟ ಕಲಿಸುವುದನ್ನು ಜನಪ್ರಿಯ ಮಾಡಿದ್ದು ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್. ಸೋವಿಯತ್ ರಷ್ಯಾದಲ್ಲಿ ನೋಡಿಬಂದ ಪದ್ಧತಿಯನ್ನು 1950ರ ದಶಕದ ಶುರುವಿನಲ್ಲಿ ಅವರು ಪ್ಯಾರಿಸ್‌ನಲ್ಲಿ ಬಳಕೆಗೆ ತಂದರು. ಸಿನಿಮಾಗಳಲ್ಲಿ ಕಾಣುವ "ಹಿ ಹಿ ಹೂ" ಆ ಕಾಲದ ಬಳುವಳಿ. ಈಗ ಶುರುವಿನ ಹಂತಕ್ಕೆ ನಿಧಾನದ ಉಸಿರನ್ನೇ ಹೆಚ್ಚಾಗಿ ಹೇಳಿಕೊಡುತ್ತಾರೆ. ನನ್ನ ಅನುಭವವೂ ಅದೇ.

ಮೊದಲ ಹೆಜ್ಜೆ: ಎಂಟನೇ ತಿಂಗಳಿಂದಲೇ ಅಭ್ಯಾಸ

ನೋವು ಬಂದ ಮೇಲೆ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ನಮ್ಮ ಕಡೆ ಚೊಚ್ಚಲಿಗೆ ತವರಿಗೆ ಬರುವುದು ರೂಢಿ. ಸೀಮಂತ ಮುಗಿಸಿಕೊಂಡು ತವರಿಗೆ ಬಂದ ದಿನದಿಂದಲೇ ಶುರುಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಬಿಸಿಲು ಇಳಿದ ಮೇಲೆ ಮಾಡಿದರೆ ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದಾಗ ಕೂತರೆ ಬೆವರು ಒರೆಸಿಕೊಳ್ಳುವುದೇ ಆಗುತ್ತದೆ.

ಗೋಡೆಗೆ ಒರಗಿ ಕೂತುಕೊಳ್ಳಿ, ಬೆನ್ನಿಗೆ ದಿಂಬು ಇರಲಿ. ಇಲ್ಲವೇ ಎಡ ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ಒಂದು ದಿಂಬು ಇಡಿ. ಈ ತಿಂಗಳುಗಳಲ್ಲಿ ಅಂಗಾತ ಮಲಗಿ ಮಾಡಬೇಡಿ. ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ಉಸಿರು ಎಳೆದುಕೊಳ್ಳಿ, ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿ. ಹೊಟ್ಟೆಯ ಮೇಲಿನ ಕೈ ಚೂರು ಏಳಬೇಕು. ಆಮೇಲೆ ಬಿಸಿ ಕಾಫಿ ಆರಿಸುವಾಗ ತುಟಿ ಹೇಗಿರುತ್ತದೋ ಹಾಗೆ ಇಟ್ಟುಕೊಂಡು ಬಾಯಿಂದ ಆರರವರೆಗೆ ಎಣಿಸುತ್ತಾ ಬಿಡಿ. ಕೊನೆಯಲ್ಲಿ ಒತ್ತಾಯ ಮಾಡಿ ಹಿಂಡಬೇಡಿ. ನಾಲ್ಕು ಮತ್ತು ಆರು ಕಷ್ಟ ಆದರೆ ಮೂರು ಮತ್ತು ಐದು ಮಾಡಿ. ಲೆಕ್ಕ ಎಷ್ಟಾದರೂ ಇರಲಿ, ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಬೇಕು. ನಡುವೆ ಉಸಿರು ಹಿಡಿಯಬೇಡಿ. ಯೋಗ ಕಲಿತವರು ಕುಂಭಕ ಅಂತ ಉಸಿರು ಕಟ್ಟುವುದುಂಟು, ಬಸುರಿನಲ್ಲಿ ಅದು ಬೇಡ.

ಅಂಕಿ ಎಣಿಸುವುದು ಎಲ್ಲರಿಗೂ ಒಗ್ಗುವುದಿಲ್ಲ. ಬಾಯಿಗೆ ರೂಢಿಯಾದ ಮಾತು ಇದ್ದರೆ ಅದೇ ಒಳ್ಳೆಯದು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು "ಓಂ" ಅಂತ ಎಳೆದುಕೊಂಡು "ನಮಃ ಶಿವಾಯ" ಅಂತ ಬಿಡುತ್ತಾರೆ. ತಾನಾಗೇ ಬಿಡುವ ಉಸಿರು ಉದ್ದವಾಗುತ್ತದೆ. ಕೆಲವರು ದುಗ್ಗಮ್ಮನನ್ನು ನೆನೆಯುತ್ತಾರೆ, ಕೆಲವರು ಅಲ್ಲಾಹನನ್ನು. ಮಗುವಿಗೆ ಇಡಬೇಕು ಅಂದುಕೊಂಡ ಹೆಸರನ್ನೇ ಹೇಳಿಕೊಳ್ಳುವವರೂ ಇದ್ದಾರೆ. ಯಾವುದಾದರೂ ಆಗಲಿ, ಮೊದಲೇ ಒಂದನ್ನು ಆರಿಸಿಕೊಳ್ಳಿ.

ಒಂದು ವಾರ ಕಳೆದ ಮೇಲೆ ಸ್ವಲ್ಪ ಕಷ್ಟದ ಅಭ್ಯಾಸ ಮಾಡಿ. ಒಂದು ಐಸ್ ತುಂಡನ್ನು ಅಂಗೈಯಲ್ಲಿ ಹಿಡಿದು ಒಂದು ನಿಮಿಷ ಇದೇ ಉಸಿರಾಟ ಮಾಡಿ. ಮೊದಲ ಇಪ್ಪತ್ತು ಸೆಕೆಂಡು ಸುಲಭ. ಆಮೇಲೆ ಕೈ ಕೊರೆಯುತ್ತದೆ, ಭುಜ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ. ಅದನ್ನು ಗಮನಿಸಿ, ಉಸಿರು ಬಿಟ್ಟು ಭುಜ ಇಳಿಸುವುದೇ ಪಾಠ. ಹೆರಿಗೆಯಲ್ಲಿ ಜೊತೆಗಿರುವವರು ಯಾರೋ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಆಸ್ತಮಾ, ಹೃದಯದ ತೊಂದರೆ, ತೀರಾ ರಕ್ತಹೀನತೆ ಇದ್ದವರು ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಎರಡನೇ ಹೆಜ್ಜೆ: ಬಂದಿರುವುದು ಯಾವ ನೋವು?

ಕೊನೆಯ ತಿಂಗಳಲ್ಲಿ ಸುಳ್ಳು ನೋವು ಬರುವುದು ಸಾಮಾನ್ಯ. ಹೊಟ್ಟೆ ಗಟ್ಟಿಯಾಗುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಅಥವಾ ನೀರು ಕುಡಿದು ಮಲಗಿದರೆ ಹೋಗುತ್ತದೆ. ನಿಜವಾದ ನೋವು ಏನು ಮಾಡಿದರೂ ಹೋಗುವುದಿಲ್ಲ. ಬಹಳಷ್ಟು ಜನರಿಗೆ ಸೊಂಟದ ಹಿಂದೆ ಶುರುವಾಗಿ ಮುಂದಕ್ಕೆ ಬರುತ್ತದೆ. ಬರಬರುತ್ತಾ ಹತ್ತಿರ ಹತ್ತಿರ ಬರುತ್ತದೆ, ಹೆಚ್ಚು ಹೊತ್ತು ಇರುತ್ತದೆ. ಶುರುವಿನಲ್ಲಿ 10, 15, 20 ನಿಮಿಷಕ್ಕೊಮ್ಮೆ ಬಂದು 30ರಿಂದ 45 ಸೆಕೆಂಡು ಇರಬಹುದು.

ಹೊತ್ತು ಲೆಕ್ಕ ಹಾಕುವಾಗ ಒಂದು ನೋವಿನ ಶುರುವಿನಿಂದ ಮುಂದಿನ ನೋವಿನ ಶುರುವಿನವರೆಗೆ ನೋಡಬೇಕು. ಒಂದರ್ಧ ಗಂಟೆ ನೋಡಿ ಚೀಟಿಯಲ್ಲಿ ಬರೆದಿಟ್ಟು ಸುಮ್ಮನಾಗಿ. ರಾತ್ರಿಯಿಡೀ ಮೊಬೈಲ್ ಹಿಡಿದು ಪ್ರತಿ ನೋವನ್ನೂ ಎಣಿಸುತ್ತಾ ಕೂತರೆ ನಿದ್ದೆ ಕೆಡುವುದೇ ಲಾಭ. ಹಗುರ ನೋವುಗಳಿಗೆ ಉಸಿರಾಟದ ವಿಧಾನವೂ ಬೇಡ. ಮಾತಾಡಿಕೊಂಡು, ಕೆಲಸ ಮಾಡಿಕೊಂಡು ಇರಲು ಆಗುತ್ತದೆ ಅನ್ನುವವರೆಗೆ ಹಾಗೇ ಇರಿ. ನೋವು ಬಂದಾಗ ಮಾತು ನಿಲ್ಲಿಸಬೇಕು ಅನ್ನಿಸಿದ ಮೇಲೆ ಮುಂದಿನ ಹೆಜ್ಜೆ.

ಮೂರನೇ ಹೆಜ್ಜೆ: ಒಂದು ನೋವಿಗೆ ಐದಾರು ಉಸಿರು

ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಟ್ಟರೆ ಒಂದು ಉಸಿರಿಗೆ ಸುಮಾರು ಹತ್ತು ಸೆಕೆಂಡು. ಒಂದು ನಿಮಿಷದ ನೋವು ಅಂದರೆ ಆರು ಉಸಿರು, ಅಷ್ಟೇ. ಹೆರಿಗೆ ಮುಗಿಯುವವರೆಗೆ ತಡೆದುಕೊಳ್ಳುವುದು ಹೇಗೆ ಅಂತ ಯೋಚಿಸಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಆರು ಉಸಿರು ಬಿಡುವುದು ಸಾಧ್ಯ ಅನ್ನಿಸುತ್ತದೆ.

ಹೊಟ್ಟೆ ಗಟ್ಟಿಯಾಗಲು ಶುರುವಾದ ಕ್ಷಣಕ್ಕೆ, ನೋವು ಏರುವ ಮೊದಲೇ, ಬಾಯಿಂದ ಒಂದು ದೊಡ್ಡ ಉಸಿರು "ಹಾ..." ಅಂತ ಬಿಟ್ಟುಬಿಡಿ. ಪಕ್ಕದವರಿಗೆ ಅದು ಸೂಚನೆ, ಮೈಗೂ ಸೂಚನೆ. ಆಮೇಲೆ ನಿಮ್ಮ ಲಯದಲ್ಲಿ ಎಳೆದು ಬಿಡುತ್ತಾ ಹೋಗಿ. ನಡುವಿನ ಎರಡು ಮೂರು ಉಸಿರಿನಲ್ಲಿ ನೋವು ತುದಿಗೇರಿರುತ್ತದೆ. ಅಲ್ಲಿ ಎಣಿಕೆ ತಪ್ಪುತ್ತದೆ, ತಪ್ಪಲಿ. ಬಿಡುವ ಉಸಿರನ್ನು ಮಾತ್ರ ಕೈಬಿಡಬೇಡಿ. ಮುಂದಿನ ಎರಡು ಉಸಿರಿನಲ್ಲಿ ನೋವು ಇಳಿಯುತ್ತದೆ. ಪೂರ್ತಿ ಹೋದ ಮೇಲೆ ಇನ್ನೊಂದು ದೊಡ್ಡ "ಹಾ..." ಬಿಟ್ಟು ಅಲ್ಲಿಗೆ ಆ ನೋವನ್ನು ಮುಗಿಸಿಬಿಡಿ.

ಉಸಿರು ಬಿಡುವಾಗಲೆಲ್ಲ ಮೈಯ ಒಂದೊಂದು ಭಾಗ ಸಡಿಲ ಮಾಡಿ. ಮೊದಲು ದವಡೆ, ಆಮೇಲೆ ಭುಜ, ಆಮೇಲೆ ಕೈ. ಬಿಗಿತ ಮೊದಲು ಕಾಣುವುದೇ ಈ ಮೂರರಲ್ಲಿ. ಜಗಳೂರು ಕಡೆಯ ಒಬ್ಬ ಹುಡುಗಿಗೆ ಚೊಚ್ಚಲ ಹೆರಿಗೆ. ಸೀಮಂತದ ಹಸಿರು ಬಳೆ ಇನ್ನೂ ಕೈತುಂಬಾ ಇದ್ದವು. ನೋವು ಬಂದಾಗ ಸೀರೆಯ ಸೆರಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಉಗುರಿನ ಬುಡ ಬೆಳ್ಳಗಾಗಿತ್ತು. ಅವಳ ತಾಯಿ ಪಕ್ಕದಲ್ಲೇ ನಿಂತು "ಹಲ್ಲು ಕಚ್ಚಿ ತಡಕಳವ್ವ, ಎಲ್ರೂ ಹಡೆದಾರೆ" ಅನ್ನುತ್ತಿದ್ದರು. ಪ್ರೀತಿಯ ಮಾತೇ, ಆದರೆ ಹುಡುಗಿ ಅಕ್ಷರಶಃ ಹಲ್ಲು ಕಚ್ಚಿದ್ದಳು. "ಅಮ್ಮಾ, ಹಲ್ಲು ಬಿಡೋಕೆ ಹೇಳಿ. ನೀವೂ ಅವಳ ಜೊತೆ ಊದಿ" ಅಂದೆ. ಆ ತಾಯಿ ಮಗಳ ಮುಖದ ಹತ್ತಿರ ಮುಖ ತಂದು, ನಾಚಿಕೆ ಬಿಟ್ಟು, ಫೂ ಅಂತ ಊದಲು ಶುರುಮಾಡಿದರು. ಮೂರನೇ ನೋವಿನ ಹೊತ್ತಿಗೆ ಹುಡುಗಿಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನೋವು ಅಷ್ಟೇ ಇತ್ತು. ಎರಡು ನೋವಿನ ನಡುವೆ ಅವಳಿಗೆ ಜೋಂಪು ಹತ್ತಿತು. ಅಂಥ ಜೋಂಪಿಗಿಂತ ದೊಡ್ಡ ಔಷಧಿ ಆ ಹೊತ್ತಿನಲ್ಲಿ ಇನ್ನೊಂದಿಲ್ಲ.

ಬಾಯಿಂದ ಶಬ್ದ ಬಂದರೆ ತಡೆಯಬೇಡಿ. ಹೊಟ್ಟೆಯಿಂದ ಬರುವ ದಪ್ಪ ದನಿಯ "ಆ...", "ಓ..." ಗಂಟಲನ್ನೂ ದವಡೆಯನ್ನೂ ಸಡಿಲ ಇಡುತ್ತದೆ. ಚೀರಿದರೆ ಗಂಟಲು ಬಿಗಿಯುತ್ತದೆ, ಸುಸ್ತೂ ಬೇಗ ಆಗುತ್ತದೆ. ಚೀರಿದರೂ ಪರವಾಗಿಲ್ಲ, ಅದಕ್ಕೆ ಯಾರೂ ಬೈಯಬಾರದು. ಮುಂದಿನ ಉಸಿರಿನಲ್ಲಿ ದನಿಯನ್ನು ಕೆಳಗಿಳಿಸಿದರೆ ಆಯಿತು.

ಮಲಗಿಯೇ ಇರಬೇಕು ಅಂತೇನೂ ಇಲ್ಲ. ಕಿಟಕಿ ಹಿಡಿದು ನಿಂತು, ಗೋಡೆಗೆ ಕೈ ಊರಿ ಮುಂದಕ್ಕೆ ಬಾಗಿ, ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಅದರ ಬೆನ್ನಿಗೆ ತಲೆ ಇಟ್ಟು, ಹೇಗೆ ಹಿತವೋ ಹಾಗೆ. ಸೊಂಟದಲ್ಲೇ ನೋವು ಜಾಸ್ತಿ ಇದ್ದವರಿಗೆ ಮುಂದಕ್ಕೆ ಬಾಗುವುದು ಹಿತವಾಗುತ್ತದೆ.

ಬೆರಳು ಜುಂ ಅಂದರೆ

ಗಾಬರಿಯಲ್ಲಿ ಬೇಗ ಬೇಗ, ಜೋರಾಗಿ ಉಸಿರಾಡಿದರೆ ಬೆರಳ ತುದಿ, ತುಟಿಯ ಸುತ್ತ ಜುಂ ಅನ್ನುತ್ತದೆ, ತಲೆ ಹಗುರಾದ ಹಾಗಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಬೇಕಾದುದಕ್ಕಿಂತ ಕಡಿಮೆಯಾದಾಗ ಹೀಗಾಗುತ್ತದೆ. ಆಗ ಇನ್ನೂ ಜೋರಾಗಿ ಎಳೆದುಕೊಳ್ಳಬೇಡಿ. ಎರಡೂ ಕೈ ಬೊಗಸೆ ಮಾಡಿ ಮೂಗು ಬಾಯಿಗೆ ಅಡ್ಡ ಹಿಡಿದು ಅದರೊಳಗೇ ನಿಧಾನಕ್ಕೆ ಉಸಿರಾಡಿ. ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಉಸಿರಾಟ ನಿಧಾನವಾದ ಮೇಲೂ ತಲೆಸುತ್ತು ಹೋಗದಿದ್ದರೆ, ಜೊತೆಗೆ ತಲೆನೋವು, ಕಣ್ಣು ಮಂಜು, ಎದೆನೋವು ಇದ್ದರೆ ಅದು ಬೇರೆ ವಿಷಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೇ ಹೆಜ್ಜೆ: ಎರಡು ನೋವಿನ ನಡುವೆ ಏನೂ ಮಾಡಬೇಡಿ

ಹೊಸಬರು ನೋವಿಲ್ಲದಾಗಲೂ ಎಣಿಸಿ ಎಣಿಸಿ ಉಸಿರಾಡುತ್ತಾ ಕೂರುತ್ತಾರೆ. ಬೇಡ. ನೋವು ಹೋಯಿತು ಅಂದರೆ ಮಾಮೂಲಿ ಉಸಿರು, ಮಾಮೂಲಿ ಮಾತು. ರಾತ್ರಿ ಆಗಿದ್ದರೆ ದೀಪ ಸಣ್ಣದು ಮಾಡಿ ಮಲಗಿ. ಹಗಲಾದರೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, ಬೆಚ್ಚಗಿನ ನೀರು ಹಾಕಿಕೊಳ್ಳಿ. ಗಂಟೆ, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರಚೀಲ ತುಂಬಿದ್ದರೆ ನೋವೂ ಜಾಸ್ತಿ, ಮಗುವಿನ ತಲೆ ಇಳಿಯಲೂ ಅಡ್ಡಿ.

ಬಸುರಿಯನ್ನು ಉಪವಾಸ ಕೆಡವುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಅಪಾಯದ ಸೂಚನೆ ಇಲ್ಲದವರು ಹೆರಿಗೆ ನೋವಿನಲ್ಲೂ ತಿನ್ನಬಹುದು, ಕುಡಿಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಜಿ, ರಾಗಿ ಅಂಬಲಿ, ಇಡ್ಲಿ, ಎಳನೀರು, ತೆಳು ಮಜ್ಜಿಗೆ ಸಾಕು. ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ ಬಾಣಂತನ ಮುಗಿದ ಮೇಲಿರಲಿ. ನೋವಿನಲ್ಲಿ ವಾಂತಿ ಬರುವುದು ಸಾಮಾನ್ಯ, ಎಣ್ಣೆ ಪದಾರ್ಥ ಅದನ್ನು ಹೆಚ್ಚು ಮಾಡುತ್ತದೆ. ಸಿಸೇರಿಯನ್ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರೆ ಅವರನ್ನು ಕೇಳಿಯೇ ತಿನ್ನಿ.

ಜೊತೆಗಿರುವವರಿಗೆ

ತಾಯಿ, ಅತ್ತೆ, ಅಕ್ಕ, ಗಂಡ, ಯಾರೇ ಆಗಲಿ, ನಿಮ್ಮ ಮುಖ್ಯ ಕೆಲಸ ಹೇಳುವುದಲ್ಲ, ಜೊತೆಗೆ ಮಾಡುವುದು. ನೋವು ಬಂದಾಗ ಅವಳಿಗೆ ಕೇಳುವ ಹಾಗೆ ನೀವೇ ನಿಧಾನವಾಗಿ ಉಸಿರು ಬಿಡಿ. "ಉಸಿರಾಡು, ಉಸಿರಾಡು" ಅಂತ ಹತ್ತು ಸಲ ಅಂದರೆ ಅವಳಿಗೆ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ. ನೋವಿನ ನಡುವೆ ಪ್ರಶ್ನೆ ಕೇಳಬೇಡಿ. ನೀರು ಬೇಕಾ, ಫ್ಯಾನ್ ಹಾಕಲಾ, ಎಲ್ಲ ನೋವು ಇಳಿದ ಮೇಲೆ.

ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಚಪ್ಪಟೆ ಜಾಗದಲ್ಲಿ ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನೋವು ಇರುವಷ್ಟು ಹೊತ್ತು ಒತ್ತಿ, ಹೋದ ಮೇಲೆ ಬಿಡಿ. ಎಷ್ಟು ಜೋರು ಬೇಕು ಅಂತ ಅವಳನ್ನೇ ಕೇಳಿ. ಭುಜ ಬಿಗಿದಿದ್ದರೆ "ಸಡಿಲ ಬಿಡು" ಅನ್ನುವುದಕ್ಕಿಂತ ಅಲ್ಲಿ ಮೆಲ್ಲಗೆ ಕೈ ಇಡುವುದು ಮೇಲು.

ಫೋನಿನ ಕೆಲಸ ಗಂಡಸರು ವಹಿಸಿಕೊಳ್ಳಿ. ಹರಿಹರದ ಚಿಕ್ಕಮ್ಮ, ಹೊಳಲ್ಕೆರೆಯ ದೊಡ್ಡಮ್ಮ ಎಲ್ಲರೂ "ಏನಾಯ್ತು, ಇನ್ನೂ ಆಗ್ಲಿಲ್ವಾ?" ಅಂತ ಕೇಳುತ್ತಿರುತ್ತಾರೆ. ಆ ಪ್ರಶ್ನೆ ಅವಳ ಕಿವಿಗೆ ಬೀಳಬಾರದು. ಯಾರದೋ ಕಷ್ಟದ ಹೆರಿಗೆಯ ಕಥೆಯೂ ಅಷ್ಟೇ, ಆ ಕೋಣೆಯಲ್ಲಿ ಬೇಡ.

ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸನ್ನು ಬಿಡಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಜಾಗ ಮತ್ತು ಮರೆ ನೋಡಿಕೊಂಡು ಒಂದೊಂದು ಕಡೆ ಒಂದೊಂದು ಥರ ನಡೆಯುತ್ತದೆ. ತಪಾಸಣೆಗೆ ಹೋದಾಗಲೇ "ಒಳಗೆ ಯಾರು ಇರಬಹುದು ಸಿಸ್ಟರ್?" ಅಂತ ಕೇಳಿಟ್ಟುಕೊಳ್ಳಿ. ಉಸಿರಾಟ ಕಲಿತವರೇ ಒಳಗೆ ಬರುವ ಹಾಗಿರಲಿ.

ಐದನೇ ಹೆಜ್ಜೆ: ಯಾವಾಗ ಹೊರಡಬೇಕು?

ಊರಲ್ಲೇ ಇರುವವರು, ಎಲ್ಲ ಸರಿಯಿರುವ ಚೊಚ್ಚಲ ಬಸುರಿಯಾದರೆ, 5 ನಿಮಿಷಕ್ಕೊಮ್ಮೆ, ಒಂದೊಂದೂ 1 ನಿಮಿಷ ಇರುವ ನೋವು 1 ಗಂಟೆ ಹೀಗೇ ಬಂದರೆ ಹೊರಡಬಹುದು. ಎರಡನೆಯದೋ ಮೂರನೆಯದೋ ಹೆರಿಗೆಯಾದರೆ ಬೇಗ ಸಾಗುತ್ತದೆ, ಇಷ್ಟು ಕಾಯಬೇಡಿ. ಮೊಳಕಾಲ್ಮೂರು, ಜಗಳೂರು, ಹೊಸದುರ್ಗದ ಹಳ್ಳಿಗಳಿಂದ ಜಿಲ್ಲಾ ಆಸ್ಪತ್ರೆಗೆ ಬರಬೇಕಾದವರು ದಾರಿಯ ಹೊತ್ತನ್ನೂ ಸೇರಿಸಿಕೊಂಡು ಮೊದಲೇ ಹೊರಡಬೇಕು. ನೋವು ಶುರುವಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್‌ಗೆ ದುಡ್ಡಿಲ್ಲ. ತಾಯಿ ಕಾರ್ಡ್ ಬ್ಯಾಗಿನಲ್ಲಿ ಮೊದಲೇ ಇರಲಿ.

ಇವು ಕಂಡರೆ ಉಸಿರಾಟ ಮಾಡುತ್ತಾ ಮನೆಯಲ್ಲಿ ಕೂರಬೇಡಿ, ಆ ಕ್ಷಣವೇ ಹೊರಡಿ:

- ನೀರು ಹೋದರೆ, ನೋವು ಇರಲಿ ಬಿಡಲಿ. ನೀರು ಹಸಿರು ಅಥವಾ ಕಂದು ಬಣ್ಣ ಇದ್ದರಂತೂ ಒಂದು ನಿಮಿಷವೂ ತಡ ಬೇಡ.
- ಕೆಂಪು ರಕ್ತ ಹರಿದರೆ. ಲೋಳೆಯ ಜೊತೆ ಚೂರು ರಕ್ತದ ಎಳೆ ಕಾಣುವುದು ಸಹಜ, ಹರಿಯುವುದು ಸಹಜವಲ್ಲ.
- ಮಗುವಿನ ಮಿಸುಕಾಟ ಕಡಿಮೆಯಾದರೆ ಅಥವಾ ನಿಂತರೆ.
- ಜೋರು ತಲೆನೋವು, ಕಣ್ಣು ಮಂಜು, ಮುಖ ಕೈ ಊದಿದ್ದು, ಫಿಟ್ಸ್, ಜ್ವರ.
- ಬಿಡುವೇ ಇಲ್ಲದೆ ಹೊಟ್ಟೆ ಗಟ್ಟಿಯಾಗಿಯೇ ಉಳಿದರೆ.
- 37 ವಾರ ತುಂಬುವ ಮೊದಲೇ ನೋವು ಬಂದರೆ.

ಹಿಂದೆ ಸಿಸೇರಿಯನ್ ಆದವರು, ಅವಳಿ ಮಗು ಇರುವವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮಗು ಅಡ್ಡ ಇದೆ ಅಥವಾ ಮಾಸು ಕೆಳಗಿದೆ ಅಂತ ಸ್ಕ್ಯಾನ್‌ನಲ್ಲಿ ಹೇಳಿಸಿಕೊಂಡವರು ಮನೆಯಲ್ಲಿ ಕಾಯುವ ಮಾತೇ ಇಲ್ಲ. ಮೊದಲ ನೋವಿಗೇ ಹೋಗಬೇಕು.

ದಾರಿಯಲ್ಲಿ ಎಡ ಮಗ್ಗುಲಿಗೆ ಮಲಗಿ, ಇಲ್ಲವೇ ಪಕ್ಕದವರ ಮೇಲೆ ಒರಗಿ ಕೂತುಕೊಳ್ಳಿ. ಹಂಪ್ ಬರುವ ಮೊದಲು ಡ್ರೈವರ್ ಹೇಳಲಿ, ಗಾಡಿ ಹಂಪ್ ಹತ್ತುವಾಗ ಉಸಿರು ಹೊರಗೆ ಬಿಡಿ. ಉಸಿರು ಕಟ್ಟಿಕೊಂಡು ಕುಲುಕಾಟ ತಿಂದರೆ ನೋವು ಇಮ್ಮಡಿ ಅನ್ನಿಸುತ್ತದೆ.

ಆಸ್ಪತ್ರೆಯಲ್ಲಿ

ಪರೀಕ್ಷೆ ಮಾಡಿ "ಇನ್ನೂ ಎರಡು ಸೆಂಟಿಮೀಟರ್, ಮನೆಗೆ ಹೋಗಿ ಬನ್ನಿ" ಅನ್ನಬಹುದು. ಆ ಮಾತಿಗೆ ಕುಸಿಯಬೇಡಿ. ಗರ್ಭಕೋಶದ ಬಾಯಿ ತೆಳ್ಳಗಾಗುವ ಕೆಲಸ ಸೆಂಟಿಮೀಟರ್ ಲೆಕ್ಕದಲ್ಲಿ ಕಾಣುವುದಿಲ್ಲ. ಊರು ದೂರ ಇದ್ದರೆ ಅದನ್ನು ಹೇಳಿ, ವಾರ್ಡಿನಲ್ಲೇ ಇರಲು ಅಥವಾ ಹತ್ತಿರದ ನೆಂಟರ ಮನೆಯಲ್ಲಿ ಉಳಿಯಲು ಆಗುತ್ತದಾ ಅಂತ ಕೇಳಿ.

ಒಳಪರೀಕ್ಷೆ ಮಾಡುವಾಗ ಬಹಳಷ್ಟು ಜನ ಉಸಿರು ಹಿಡಿದು ತೊಡೆ ಬಿಗಿಯುತ್ತಾರೆ. "ಸಿಸ್ಟರ್, ಒಂದು ನಿಮಿಷ, ಉಸಿರು ಬಿಡ್ತೀನಿ, ಆಮೇಲೆ ನೋಡಿ" ಅಂತ ಧೈರ್ಯವಾಗಿ ಹೇಳಿ. ಬಿಡುವ ಉಸಿರಿನಲ್ಲಿ ಪರೀಕ್ಷೆ ಸುಲಭ, ನಿಮಗೂ ನಮಗೂ.

ನೋವು ತೀರಾ ಜೋರಾದ ಮೇಲೆ ನಿಧಾನದ ಉಸಿರು ಕೈಗೆ ಸಿಗದೆ ಹೋಗಬಹುದು. ಆಗ ಹಗುರವಾಗಿ, ಚಿಕ್ಕದಾಗಿ ಎರಡು ಉಸಿರು, ಮೂರನೆಯದು ಉದ್ದ ಊದು. ನೋವಿನ ತುದಿಯಲ್ಲಿ ಮಾತ್ರ ಇದು, ಇಳಿಯುವಾಗ ಮತ್ತೆ ನಿಧಾನಕ್ಕೆ ಬನ್ನಿ. ಮುಕ್ಕಬೇಕು ಅನ್ನಿಸಿದರೆ ಕೂಡಲೇ ನರ್ಸ್‌ಗೆ ಹೇಳಿ. ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ ಅಂತ ಅವರು ನೋಡಿ ಹೇಳುವವರೆಗೆ ಫೂ ಫೂ ಅಂತ ಚಿಕ್ಕದಾಗಿ ಊದುತ್ತಿರಿ. ಆಮೇಲೆ ಅವರು ಹೇಳಿದ ಹಾಗೆ.

ನೋವು ತಡೆಯಲು ಆಗುತ್ತಿಲ್ಲ ಅನ್ನಿಸಿ ಇಂಜೆಕ್ಷನ್ ಅಥವಾ ಎಪಿಡ್ಯೂರಲ್ (ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಔಷಧಿ) ಕೇಳಿದರೆ, ಸಿಸೇರಿಯನ್ ಬೇಕಾಗಿ ಬಂದರೆ, ಕಲಿತದ್ದು ವ್ಯರ್ಥ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಬೆನ್ನಿಗೆ ಸೂಜಿ ಕೊಡುವಾಗ ಅಲ್ಲಾಡದೆ ಬಾಗಿ ಕೂರಬೇಕಲ್ಲ, ಆಗಲೂ ಇದೇ ನಾಲ್ಕು ಮತ್ತು ಆರರ ಲೆಕ್ಕ ಬೇಕಾಗುತ್ತದೆ.